ಮಂಜು ಬಿಡುವವರೆಗೆ ಕಾಯುವವರನ್ನು ಹುಡುಕಿ: ದ್ವೀಪದ ಮೇಲಿನ ಖಾಸಗಿ ಹೆಲಿಕಾಪ್ಟರ್ ಸುತ್ತಾಟಕ್ಕೆ ಸಮಗ್ರ ಮಾರ್ಗದರ್ಶಿ

ಮೂಡಿಗೆರೆ ಕಡೆಯಿಂದ ಘಟ್ಟ ಇಳಿಯುವವರೆಲ್ಲ ಕೊಟ್ಟಿಗೆಹಾರದಲ್ಲಿ ಒಮ್ಮೆಯಾದರೂ ನಿಂತಿರುತ್ತಾರೆ. ನೀರುದೋಸೆಗೆ ನಿಂತವರು ಕೆಲವರು, ಮಂಜಿಗೆ ನಿಂತವರು ಇನ್ನು ಕೆಲವರು. ಚಾರ್ಮಾಡಿಯ ತಿರುವುಗಳಲ್ಲಿ ಮುಂದಿನ ಗಾಡಿಯ ಕೆಂಪು ದೀಪವೂ ಕಾಣದಷ್ಟು ಮಂಜು ಕವಿದಾಗ "ಇನ್ನೊಂದು ಕಾಫಿ ಆಗಲಿ, ಮಂಜು ಬಿಟ್ಟ ಮೇಲೆ ಹೋಗೋಣ" ಎಂದು ಕೀಲಿಕೈಯನ್ನು ಜೇಬಿಗೆ ಇಳಿಸುವ ಚಾಲಕನಿದ್ದಾನಲ್ಲ, ಅವನ ಗಾಡಿಯಲ್ಲಿ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತೇನೆ. ಹೆಲಿಕಾಪ್ಟರ್ ಕಂಪನಿಯನ್ನು ಆರಿಸುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಇಂಥ ಚಾಲಕನನ್ನು ಹುಡುಕುವುದೇ ಆಗಿದೆ. ಉಳಿದ ಕಾಲು ಪಾಲು ಕಿಟಕಿಗೆ ಸಂಬಂಧಿಸಿದ್ದು.

ಹೋದ ವರ್ಷ ನಾನು, ನಮ್ಮವರು, ಮಗ ಮತ್ತು ಅತ್ತೆ ಮಾರಿಷಸ್‌ಗೆ ಹೋಗಿ ಹೆಲಿಕಾಪ್ಟರ್ ಹತ್ತಿ ಬಂದೆವು. ಫೋಟೊ ಕಳಿಸಿದ ದಿನದಿಂದ ನಮ್ಮ ಮನೆಯ ಫೋನಿಗೆ ಬಿಡುವಿಲ್ಲ. ಹಾಸನದ ನಾದಿನಿಯ ಮಗಳಿಗೆ ಮಧುಚಂದ್ರಕ್ಕೆ ಬೇಕಂತೆ, ಆಲ್ದೂರಿನ ದೊಡ್ಡಪ್ಪನ ಮಗನಿಗೆ ಮದುವೆಯ ಬೆಳ್ಳಿಹಬ್ಬಕ್ಕೆ ಬೇಕಂತೆ, ಸಕಲೇಶಪುರದ ಗೆಳತಿಗೆ ಸುಮ್ಮನೆ ಬೇಕಂತೆ. ಎಲ್ಲರ ಮೊದಲ ಪ್ರಶ್ನೆ "ಎಷ್ಟಾಯಿತು?" ನಿಜವಾಗಿ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಒಬ್ಬೊಬ್ಬರಿಗೂ ಒಂದೊಂದು ಗಂಟೆ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ನನ್ನ ಅರ್ಹತೆ ಇಷ್ಟೇ: ಒಂದು ಕೆಟ್ಟ ಹಾರಾಟ, ಒಂದು ಒಳ್ಳೆಯ ಹಾರಾಟ. ಕೆಟ್ಟದ್ದು ಕೆಲವು ವರ್ಷಗಳ ಹಿಂದಿನದು. ಕ್ಯಾಲಿಫೋರ್ನಿಯಾದಲ್ಲಿರುವ ತಮ್ಮನ ಜೊತೆ ಹವಾಯಿಯ ಕವಾಯಿ ದ್ವೀಪಕ್ಕೆ ಹೋಗಿದ್ದೆ. ಅಗ್ಗವೆಂದು ಮಧ್ಯಾಹ್ನ ಮೂರರ ಸಮಯ, ಹಂಚಿಕೆಯ ಸೀಟು, ಹಿಂದಿನ ಸಾಲಿನ ನಾಲ್ಕರಲ್ಲಿ ಒಳಗಿನದು. ಬೆಟ್ಟದ ಮೇಲೆ ಮೋಡ ಕೂತಿತ್ತು, ಆದರೂ ಹಾರಿಸಿದರು. ಮುಕ್ಕಾಲು ಗಂಟೆಯಲ್ಲಿ ನಾನು ಕಂಡದ್ದು ಬಿಳಿಯ ಮೋಡ, ಮತ್ತು ಪಕ್ಕದಲ್ಲಿ ಕೂತಿದ್ದ ಅಪರಿಚಿತರೊಬ್ಬರ ಬಲಗಿವಿ. ಆ ಕಿವಿ ನನ್ನ ಹನ್ನೊಂದು ಫೋಟೊಗಳಲ್ಲಿದೆ. ಕಂಪನಿಯ ಹೆಸರು ಬೇಡ.

ಮೊದಲು: ಹೆಲಿಕಾಪ್ಟರೇ ಬೇಕೆ?

ಮೇಲಿನಿಂದ ಮಾತ್ರ ಕಾಣುವಂಥದ್ದು ಆ ದ್ವೀಪದಲ್ಲಿ ಏನಿದೆ ಎಂದು ಮೊದಲು ಕೇಳಿಕೊಳ್ಳಿ. ಕವಾಯಿಯ ನಾ ಪಾಲಿ ಕರಾವಳಿ ಸುಮಾರು 27 ಕಿಲೋಮೀಟರ್ ಉದ್ದ, ಕಡಲಿನಿಂದ ನೇರ ಎದ್ದ ಬಂಡೆಗೋಡೆಗಳು ಕೆಲವೆಡೆ 1,200 ಮೀಟರ್ ಎತ್ತರ, ಅದರುದ್ದಕ್ಕೂ ಹೋಗುವ ರಸ್ತೆಯೇ ಇಲ್ಲ. ಕಾಲ್ನಡಿಗೆ, ದೋಣಿ ಅಥವಾ ಹೆಲಿಕಾಪ್ಟರ್, ಈ ಮೂರೇ ದಾರಿ. ಅಲ್ಲಿ ಹಣ ಕೊಡುವುದಕ್ಕೆ ಅರ್ಥವಿದೆ.

ಮಾರಿಷಸ್‌ನಲ್ಲಿ ಅಂಥ ಒಂದೇ ವಸ್ತು ಎಂದರೆ ನೈಋತ್ಯ ತುದಿಯ ಲ ಮೋರ್ನ್ ಬೆಟ್ಟದ ಬುಡದಲ್ಲಿ ಕಾಣುವ ‘ಕಡಲೊಳಗಿನ ಜಲಪಾತ’. ಅದು ಜಲಪಾತವಲ್ಲ, ಕಣ್ಣಿನ ಭ್ರಮೆ. ತೀರದ ಆಳವಿಲ್ಲದ ನೀರಿನ ಮರಳು ಮತ್ತು ಹೂಳನ್ನು ಪ್ರವಾಹ ಎಳೆದುಕೊಂಡು ಹೋಗಿ ಆಳದ ಅಂಚಿನಿಂದ ಕೆಳಗೆ ಸುರಿಯುತ್ತದೆ. ತಿಳಿಹಸಿರಿನಿಂದ ಕಡುನೀಲಿಗೆ ಬಣ್ಣ ಜಾರುವಾಗ ಕಡಲೇ ಒಂದು ಕೊರಕಲಿಗೆ ಬೀಳುತ್ತಿರುವಂತೆ ತೋರುತ್ತದೆ. ದಡದಲ್ಲಿ ನಿಂತವರಿಗೆ ಇದರ ಸುಳಿವೂ ಸಿಗುವುದಿಲ್ಲ. 556 ಮೀಟರ್ ಎತ್ತರದ ಆ ಬೆಟ್ಟದಲ್ಲಿ ಗುಲಾಮಗಿರಿಯಿಂದ ಓಡಿಹೋದವರು ಅಡಗಿ ಬದುಕಿದ್ದರು. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾರುವ ಮೊದಲು ಇಷ್ಟು ತಿಳಿದಿದ್ದರೆ ಕೆಳಗಿನ ಬಂಡೆ ಬರೀ ಬಂಡೆಯಾಗಿ ಉಳಿಯುವುದಿಲ್ಲ.

ಮಾಲ್ಡೀವ್ಸ್‌ಗೆ ಹೋಗುವವರಿಗೆ ನನ್ನ ಸಲಹೆ ಬೇರೆ. ದೂರದ ರೆಸಾರ್ಟ್‌ಗಳಿಗೆ ನಿಮ್ಮನ್ನು ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲೇ ಕರೆದೊಯ್ಯುತ್ತಾರೆ. ಹವಳದ ಉಂಗುರಗಳೆಲ್ಲ ಆಗಲೇ ಕಾಣುತ್ತವೆ. ಹಗಲಿನ ವಿಮಾನ ಸಿಗುವಂತೆ ಮಾಲೆಗೆ ತಲುಪುವ ಸಮಯ ಹೊಂದಿಸಿಕೊಂಡರೆ ಸಾಕು, ಪ್ರತ್ಯೇಕ ಸುತ್ತಾಟದ ಹಣ ಉಳಿಯಿತು.

ಎರಡು: ತಿಂಗಳು ಮತ್ತು ಗಂಟೆ

ಕಾಫಿ ಬೆಳೆಗಾರರಿಗೆ ಇಲ್ಲೊಂದು ತೊಡಕಿದೆ. ನಮಗೆ ಕೈಯಲ್ಲಿ ಹಣ ಮತ್ತು ಮೈಗೆ ಬಿಡುವು ಎರಡೂ ಸಿಗುವುದು ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಅಂದರೆ ಫೆಬ್ರುವರಿ, ಮಾರ್ಚ್‌ನಲ್ಲಿ. ಮಾರಿಷಸ್‌ನಲ್ಲಿ ಅದೇ ಮಳೆಗಾಲ. ಚಂಡಮಾರುತಗಳು ಹೆಚ್ಚಾಗಿ ಬರುವುದು ಜನವರಿಯಿಂದ ಮಾರ್ಚ್ ಒಳಗೆ. ಟಿಕೆಟ್ ಅಗ್ಗ ಸಿಕ್ಕಿತೆಂದು ಆಗ ಹೋದರೆ ಹೆಲಿಕಾಪ್ಟರ್ ನೆಲದಲ್ಲೇ ಕೂತಿರುತ್ತದೆ. ಹೂಮಳೆ ಮುಗಿದು ಮುಂಗಾರು ಹಿಡಿಯುವ ಮೊದಲಿನ ಮೇ ತಿಂಗಳು ಎರಡೂ ಕಡೆಗೆ ಹೊಂದುತ್ತದೆ. ಮಕ್ಕಳಿಗೆ ರಜೆ, ತೋಟದಲ್ಲಿ ಅವಸರವಿಲ್ಲ, ಅಲ್ಲಿ ಒಣ ಹವೆಯ ಆರಂಭ. ಸೆಪ್ಟೆಂಬರ್, ಅಕ್ಟೋಬರ್ ಕೂಡ ಚೆನ್ನಾಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಆಗ್ನೇಯದ ಗಾಳಿ ಜೋರು, ಕುಲುಕಾಟ ಸಹಿಸದವರು ಬಿಡುವುದೇ ಲೇಸು. ಕವಾಯಿಯಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಹೆಚ್ಚು, ಮೇಯಿಂದ ಸೆಪ್ಟೆಂಬರ್ ತನಕ ಕಡಿಮೆ.

ತಿಂಗಳಿಗಿಂತ ಗಾಳಿಯ ದಿಕ್ಕು ಮುಖ್ಯ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಶ್ಚಿಮದಿಂದ ಬಂದ ಮುಂಗಾರಿನ ಗಾಳಿ ಘಟ್ಟಕ್ಕೆ ಬಡಿದು ಕೊಟ್ಟಿಗೆಹಾರದಲ್ಲಿ ಸುರಿಯುತ್ತದೆ, ಅದೇ ಜಿಲ್ಲೆಯ ಕಡೂರು ಆಕಾಶ ನೋಡುತ್ತಾ ಕೂರುತ್ತದೆ. ಮಾರಿಷಸ್‌ನಲ್ಲಿ ಗಾಳಿ ಆಗ್ನೇಯದಿಂದ ಬರುವುದರಿಂದ ಅವರ ಮಲೆನಾಡು ಇರುವುದು ಪೂರ್ವದಲ್ಲಿ ಮತ್ತು ನಡುವಿನ ಕ್ಯೂರ್‌ಪಿಪ್ ಸುತ್ತಿನಲ್ಲಿ. ಅವರ ಕಡೂರು ಪಶ್ಚಿಮ ತೀರ. ಕವಾಯಿಯ ನಡುವಿನ ವಯಾಲೆಯಾಲೆ ಬೆಟ್ಟ 1,569 ಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿಗಿಂತ ಚಿಕ್ಕದು, ಆದರೆ ಅಲ್ಲಿ ಬೀಳುವ ಮಳೆ ವರ್ಷಕ್ಕೆ 9,000 ಮಿಲಿಮೀಟರಿಗೂ ಹೆಚ್ಚು. ಅದರ ನೆತ್ತಿ ಕಾಣುವುದೇ ಅಪರೂಪ. ಮಾರಿಷಸ್‌ನ ಅತಿ ಎತ್ತರದ ಶಿಖರವೋ 828 ಮೀಟರ್, ಚಿಕ್ಕಮಗಳೂರು ಪೇಟೆಗಿಂತಲೂ ತಗ್ಗು. ಹಾಗೆಂದು ಅದನ್ನು ಹಗುರವಾಗಿ ಎಣಿಸಬೇಡಿ. ಮೋಡಕ್ಕೆ ಕೂರಲು ದೊಡ್ಡ ಬೆಟ್ಟವೇನೂ ಬೇಕಾಗಿಲ್ಲ.

ಗಂಟೆಯ ವಿಷಯದಲ್ಲಿ ನನ್ನ ಮತ ಗಟ್ಟಿ: ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆಯ ಒಳಗೆ. ಬಿಸಿಲೇರಿದಂತೆ ನೆಲ ಕಾಯ್ದು ಬೆಟ್ಟದ ಮೇಲೆ ಮೋಡ ಕಟ್ಟಿಕೊಳ್ಳುತ್ತದೆ. ತೀರಾ ಬೆಳಗ್ಗೆ ಹೋದರೆ ಆಕಾಶ ತಿಳಿಯಾಗಿರುತ್ತದೆ, ಆದರೆ ಓರೆ ಬಿಸಿಲಿಗೆ ಕಡಲು ಬರೀ ಹೊಳೆಯುತ್ತದೆ, ತಳದ ಬಣ್ಣ ಬಿಡುವುದಿಲ್ಲ. ಕಡಲೊಳಗಿನ ಜಲಪಾತಕ್ಕೆ ಸೂರ್ಯ ಮೇಲೇರಿರಬೇಕು. ನಾ ಪಾಲಿ ವಾಯವ್ಯಕ್ಕೆ ಮುಖ ಮಾಡಿರುವುದರಿಂದ ಬಂಡೆಗಳ ಮೇಲೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಅಲ್ಲಿ ಮೋಡವೋ ಬೆಳಕೋ ಎಂದು ಆಯ್ದುಕೊಳ್ಳಬೇಕಾಗುತ್ತದೆ. ನನ್ನನ್ನು ಕೇಳಿದರೆ ಬೆಳಗ್ಗೆಯೇ ಹೋಗಿ. ಮಬ್ಬು ಬೆಳಕಿನ ಬಂಡೆಯಾದರೂ ಕಾಣುತ್ತದೆ, ಮೋಡದೊಳಗಿನದು ಕಾಣುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಪಾಲಿಸುವುದಿಲ್ಲ. ಹಾರಾಟವನ್ನು ಪ್ರವಾಸದ ಎರಡನೆಯ ದಿನಕ್ಕೆ ಬುಕ್ ಮಾಡಿ. ‘ಸಿಹಿ ಕೊನೆಗಿರಲಿ’ ಎಂದು ಕೊನೆಯ ದಿನಕ್ಕೆ ಇಟ್ಟುಕೊಂಡವರು ಹವೆ ಕೆಟ್ಟಾಗ ಪೈಲಟ್‌ನ ಮೇಲೆ ಒತ್ತಡ ಹಾಕುತ್ತಾರೆ. ನಮ್ಮದು ಎರಡನೆಯ ದಿನ ರದ್ದಾಯಿತು, ಮೂರನೆಯ ದಿನ ಹಾರಿತು. ಯಾರ ರಕ್ತದೊತ್ತಡವೂ ಏರಲಿಲ್ಲ.

ಮೂರು: ‘ಖಾಸಗಿ’ ಎಂದರೆ ಏನು?

ಹಂಚಿಕೆಯ ಸುತ್ತಾಟದಲ್ಲಿ ಸೀಟಿಗೆ ಹಣ, ಖಾಸಗಿಯದರಲ್ಲಿ ಇಡೀ ಹೆಲಿಕಾಪ್ಟರಿಗೆ ಹಣ. ನಾಲ್ಕು ಜನರಿಗೆ ಸೀಟಿನ ದರದ ಮೊತ್ತವನ್ನೂ ಖಾಸಗಿಯ ದರವನ್ನೂ ಪಕ್ಕಪಕ್ಕ ಬರೆದು ನೋಡಿ. ಇಬ್ಬರಿಗೆ ಖಾಸಗಿ ದುಬಾರಿ. ನಾಲ್ಕೈದು ಜನರಾದರೆ ಅಂತರ ಬಹಳ ಕಡಿಮೆಯಾಗುತ್ತದೆ. ಆ ಹೆಚ್ಚಿನ ಹಣಕ್ಕೆ ಸಿಗುವುದು ದಾರಿಯನ್ನು ನೀವು ಹೇಳಬಹುದು, ಬೇಡವಾದದ್ದನ್ನು ಬಿಡಿಸಬಹುದು, ಬೇಕಾದಲ್ಲಿ ಇನ್ನೊಂದು ಸುತ್ತು ಹಾಕಿಸಬಹುದು ಎಂಬ ಸ್ವಾತಂತ್ರ್ಯ. ಆದರೆ ಈ ಪದವನ್ನು ಬೇಕಾದಂತೆ ಎಳೆದಾಡುವವರೂ ಇದ್ದಾರೆ. ಕಾರು ಮಾತ್ರ ನಿಮಗೆ ಪ್ರತ್ಯೇಕ, ಹೆಲಿಕಾಪ್ಟರ್ ಹತ್ತಿದರೆ ಇನ್ನಿಬ್ಬರು ಕೂತಿರುತ್ತಾರೆ. "ನಮ್ಮ ಮನೆಯವರಲ್ಲದೆ ಬೇರೆ ಪ್ರಯಾಣಿಕರು ಇರುತ್ತಾರೆಯೆ?" ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನಂತರ ನಿಮಿಷದ ಲೆಕ್ಕ. ‘ಒಂದು ಗಂಟೆಯ ಅನುಭವ’ ಎಂದರೆ ಅದರಲ್ಲಿ ತೂಕ, ಸುರಕ್ಷತೆಯ ವಿಡಿಯೊ, ಫೋಟೊ ಎಲ್ಲ ಸೇರಿ ಆಕಾಶದಲ್ಲಿ ಇರುವುದು ಅರ್ಧ ಗಂಟೆಯೂ ಆಗಬಹುದು. ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗೆ ಎಷ್ಟು ನಿಮಿಷ ಎಂದು ಕೇಳಿ, ಒಟ್ಟು ಹಣವನ್ನು ಅದರಿಂದ ಭಾಗಿಸಿ. ಎರಡು ಕಂಪನಿಗಳ ಹೋಲಿಕೆಗೆ ಈ ನಿಮಿಷದ ದರವೊಂದೇ ಪ್ರಾಮಾಣಿಕ ಅಳತೆ.

ಹೊರಡುವ ಜಾಗವೂ ಲೆಕ್ಕಕ್ಕೆ ಬರಬೇಕು. ಮಾರಿಷಸ್‌ನ ವಿಮಾನ ನಿಲ್ದಾಣವಿರುವುದು ಆಗ್ನೇಯದಲ್ಲಿ. ಅಲ್ಲಿಂದ ಲ ಮೋರ್ನ್‌ಗೆ ಆಕಾಶಮಾರ್ಗದಲ್ಲಿ ಸುಮಾರು 40 ಕಿಲೋಮೀಟರ್. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೋದರೂ ಹೋಗಲು ಹನ್ನೆರಡು, ಬರಲು ಹನ್ನೆರಡು ನಿಮಿಷ. ಅರ್ಧ ಗಂಟೆಯ ಪ್ಯಾಕೇಜ್ ಕೊಂಡರೆ ಜಲಪಾತದ ಮೇಲೆ ಸುತ್ತಲು ಉಳಿಯುವುದು ಆರು ನಿಮಿಷ. ದಕ್ಷಿಣ ತೀರ ಚೆನ್ನಾಗಿದೆ, ದಾರಿಯೇನೂ ದಂಡವಲ್ಲ, ಆದರೂ ಪಶ್ಚಿಮ ತೀರದಿಂದಲೇ ಹೊರಡುವ ವ್ಯವಸ್ಥೆ ಇದ್ದರೆ ಅದನ್ನೇ ಕೇಳಿ. ನಿಮ್ಮ ರೆಸಾರ್ಟ್‌ನಲ್ಲೇ ಹೆಲಿಪ್ಯಾಡ್ ಇದ್ದರೆ ಅಲ್ಲಿಗೇ ಬಂದು ಕರೆದುಕೊಳ್ಳುತ್ತಾರೆ. ಖಾಲಿ ಬರುವ ಹಾರಾಟದ ಹಣವೂ ನಿಮ್ಮ ಬಿಲ್ಲಿಗೆ ಸೇರುತ್ತದೆಯೆ ಎಂದು ವಿಚಾರಿಸಿ.

ನಾಲ್ಕು: ಯಾವ ಯಂತ್ರ, ಯಾವ ಕಿಟಕಿ?

ಸುತ್ತಾಟಕ್ಕೆ ಎಲ್ಲೆಡೆ ಕಾಣುವುದು ಏರ್‌ಬಸ್ ಎಚ್125, ಹಳೆಯ ಹೆಸರು ಎಎಸ್350. ಇದೇ ಜಾತಿಯ ಹೆಲಿಕಾಪ್ಟರ್ 2005ರ ಮೇ ತಿಂಗಳಲ್ಲಿ ಎವರೆಸ್ಟ್ ನೆತ್ತಿಯ ಮೇಲೆ ಇಳಿದು ಎದ್ದಿತ್ತು, ಹಾಗಾಗಿ ಶಕ್ತಿಯ ಬಗ್ಗೆ ಸಂಶಯ ಬೇಡ. ಪೈಲಟ್ ಬಲಕ್ಕೆ ಕೂರುತ್ತಾರೆ, ಎಡಕ್ಕೆ ಮುಂದೆ ಇಬ್ಬರು, ಹಿಂದೆ ಒಂದೇ ಸಾಲಿನಲ್ಲಿ ನಾಲ್ವರು. ಹಿಂದಿನ ಒಳಗಿನ ಎರಡು ಸೀಟುಗಳೇ ನನ್ನ ಹಳೆಯ ದುಃಖ. ಅದರ ಅಣ್ಣನಂತಿರುವ ಎಚ್130ರಲ್ಲಿ ಪೈಲಟ್ ಎಡಕ್ಕೆ. ಕಿಟಕಿ ಅಗಲ, ಬಾಲದಲ್ಲಿ ತಿರುಗುವ ರೆಕ್ಕೆಗಳು ಕವಚದೊಳಗಿರುವುದರಿಂದ ಸದ್ದೂ ಕಡಿಮೆ. ವಯಸ್ಸಾದವರು ಜೊತೆಗಿದ್ದರೆ ನಾನು ಇದನ್ನೇ ಹುಡುಕುತ್ತೇನೆ. ಬೆಲ್ 206ರಲ್ಲಿ ಪೈಲಟ್ ಪಕ್ಕ ಒಬ್ಬರು, ಹಿಂದೆ ಮೂವರು. ರಾಬಿನ್ಸನ್ ಆರ್44 ಪೈಲಟ್ ಸೇರಿ ನಾಲ್ಕೇ ಸೀಟಿನದು, ಎಲ್ಲರಿಗೂ ಕಿಟಕಿ, ದರವೂ ಕಡಿಮೆ. ಆದರೆ ಅದರದು ಪಿಸ್ಟನ್ ಎಂಜಿನ್, ನೆತ್ತಿಯ ಮೇಲೆ ತಿರುಗುವ ರೋಟರಿಗೆ ಎರಡೇ ರೆಕ್ಕೆ. ಗಾಳಿಯ ಕುಲುಕಾಟದಲ್ಲಿ ಈ ಬಗೆಯ ರೋಟರಿಗೆ ಆಗಬಹುದಾದ ಅಪಾಯವನ್ನು ನ್ಯೂಜಿಲೆಂಡಿನ ಅಪಘಾತ ತನಿಖಾ ಆಯೋಗ 2016ರಲ್ಲಿ ತನ್ನ ಎಚ್ಚರಿಕೆಯ ಪಟ್ಟಿಗೆ ಸೇರಿಸಿತ್ತು. ಸಮತಟ್ಟಿನ ಊರಿನಲ್ಲಾದರೆ ಹತ್ತುತ್ತೇನೆ, ಗಾಳಿಯ ದ್ವೀಪದ ಬೆಟ್ಟದ ಸಂದಿಯಲ್ಲಿ ಹತ್ತುವುದಿಲ್ಲ.

ಬಾಗಿಲಿಲ್ಲದ ಹಾರಾಟವೂ ಸಿಗುತ್ತದೆ. ಫೋಟೊಗಳು ಗಾಜಿನ ಪ್ರತಿಬಿಂಬವಿಲ್ಲದೆ ಬರುತ್ತವೆ, ನಿಜ. ಆದರೆ 2018ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಈಸ್ಟ್ ನದಿಗೆ ಬಿದ್ದ ಅಂಥ ಹೆಲಿಕಾಪ್ಟರ್‌ನಲ್ಲಿ ಪೈಲಟ್ ಬದುಕಿದರು, ಐವರು ಪ್ರಯಾಣಿಕರೂ ಮುಳುಗಿ ಸತ್ತರು; ಹೊರಗೆ ಬೀಳದಿರಲಿ ಎಂದು ಬಿಗಿದಿದ್ದ ಪಟ್ಟಿಗಳನ್ನು ತಾವಾಗಿಯೇ ಬಿಚ್ಚಿಕೊಳ್ಳಲು ಅವರಿಂದಾಗಲಿಲ್ಲ. ಬಾಗಿಲಿಲ್ಲದ್ದೇ ಬೇಕೆಂದರೆ ಬೆಲ್ಟನ್ನು ಒಂದೇ ಕೈಯಲ್ಲಿ, ಚಾಕು ಇಲ್ಲದೆ, ನಾನೇ ಬಿಚ್ಚಬಹುದೆ ಎಂದು ನೆಲದ ಮೇಲಿರುವಾಗಲೇ ಬಿಚ್ಚಿ ನೋಡಿ.

ಯಾವ ಬದಿಗೆ ಕೂರಬೇಕು ಎಂಬುದಕ್ಕೆ ದೇವಸ್ಥಾನದ ಲೆಕ್ಕ ಸಾಕು. ಪ್ರದಕ್ಷಿಣೆ ಬರುವಾಗ ದೇವರು ನಮ್ಮ ಬಲಕ್ಕಿರುತ್ತಾನೆ. ಹೆಲಿಕಾಪ್ಟರ್ ದ್ವೀಪವನ್ನು ಪ್ರದಕ್ಷಿಣವಾಗಿ ಸುತ್ತಿದರೆ ಬೆಟ್ಟ, ಜಲಪಾತ, ಕಬ್ಬಿನ ಗದ್ದೆಗಳು ಬಲಗಡೆ, ತೆರೆದ ಕಡಲು ಎಡಗಡೆ. ಅಪ್ರದಕ್ಷಿಣವಾದರೆ ಇದು ತಿರುಗುಮುರುಗು. ಯಾವ ಕಡೆಯಿಂದ ಸುತ್ತುತ್ತಾರೆ ಎಂದು ಕೇಳಿ. ಖಾಸಗಿ ಹಾರಾಟವಾದರೆ ಮುಖ್ಯ ಜಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಸುತ್ತು ಹಾಕಿಸಿ, ಮನೆಯಲ್ಲಿ ಜಗಳ ತಪ್ಪುತ್ತದೆ.

ಐದು: ಕಂಪನಿ

ಈ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ.

2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಹೆಲಿಕಾಪ್ಟರ್ ಕೆಟ್ಟ ಹವೆಯಲ್ಲಿ ನಲ್ಲಮಲ ಕಾಡಿನಲ್ಲಿ ಬಿತ್ತು. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದದ್ದು ಬಿತ್ತು. ಹವೆ ಹಠಾತ್ತನೆ ಬದಲಾಗಿ ಮೋಡದೊಳಗೆ ಹೊಕ್ಕದ್ದೇ ಕಾರಣವೆಂದು ತನಿಖೆ ಹೇಳಿತು. 2019ರ ಡಿಸೆಂಬರ್ 26ರಂದು ಅದೇ ಕವಾಯಿಯಲ್ಲಿ ಸುತ್ತಾಟದ ಹೆಲಿಕಾಪ್ಟರ್ ಬೆಟ್ಟಕ್ಕೆ ಬಡಿದು ಏಳು ಜನ ತೀರಿಕೊಂಡರು; ಹವೆ ಕೆಡುತ್ತಿದ್ದರೂ ಮುಂದುವರಿಯುವ ಪೈಲಟ್‌ನ ನಿರ್ಧಾರವೇ ಅದಕ್ಕೆ ಕಾರಣವೆಂದು ಅಮೆರಿಕದ ತನಿಖಾ ಮಂಡಳಿ ಹೇಳಿತು. ಮುಖ್ಯಮಂತ್ರಿಗೂ ಸೇನಾಪತಿಗೂ ಪ್ರವಾಸಿಗೂ ಎದುರಾದದ್ದು ಒಂದೇ, ಮೋಡ ಕವಿದ ಬೆಟ್ಟ. ಎಂಜಿನ್ ನಿಂತುಹೋದರೆ ಏನು ಗತಿ ಎಂದು ಎಲ್ಲರೂ ಹೆದರುತ್ತಾರೆ. ನಾನು ಹೆದರುವುದು "ಪರವಾಗಿಲ್ಲ, ಹೋಗಿಬಿಡೋಣ" ಎನ್ನುವ ಪೈಲಟ್‌ಗೆ.

ಆದ್ದರಿಂದ ಕಂಪನಿಗೆ ನನ್ನ ಮೊದಲ ಪ್ರಶ್ನೆ ಹೀಗಿತ್ತು: "ಹವೆ ಸರಿಯಿಲ್ಲವೆಂದು ಹಾರಾಟ ರದ್ದು ಮಾಡುವ ತೀರ್ಮಾನ ಯಾರದು, ಕಳೆದ ಸಲ ರದ್ದು ಮಾಡಿದ್ದು ಯಾವಾಗ?" ಮೂರು ಕಡೆ ಕೇಳಿದೆ. ಒಬ್ಬರು "ನಮ್ಮಲ್ಲಿ ರದ್ದಾಗುವುದೇ ಇಲ್ಲ ಮೇಡಂ" ಎಂದು ಹೆಮ್ಮೆಯಿಂದ ಬರೆದರು. ಆ ಪುಟವನ್ನು ಅಲ್ಲಿಗೇ ಮುಚ್ಚಿದೆ. ಇನ್ನೊಬ್ಬರು ಉತ್ತರಿಸಲಿಲ್ಲ. ಮೂರನೆಯವರು "ಈ ವಾರ ಎರಡು ಸಲ. ತೀರ್ಮಾನ ಪೈಲಟ್‌ನದು, ಕಚೇರಿಯದಲ್ಲ. ಹಣ ಪೂರ್ತಿ ವಾಪಸ್" ಎಂದರು. ಅವರನ್ನೇ ಆರಿಸಿದೆವು, ಅವರೇ ನಮ್ಮದನ್ನೂ ರದ್ದು ಮಾಡಿದರು.

ಎರಡನೆಯದಾಗಿ, ಹಾರಿಸುವವರು ಯಾರು ಎಂದು ಕಂಡುಕೊಳ್ಳಿ. ನಮ್ಮೂರಿನ ಟ್ರಾವೆಲ್ಸ್‌ನವರಾಗಲಿ, ಅಲ್ಲಿನ ಹೋಟೆಲ್ ಕೌಂಟರಿನವರಾಗಲಿ ಮಧ್ಯವರ್ತಿಗಳು. ಅವರ ಹಾಳೆಯಲ್ಲಿ ‘ಹೆಲಿಕಾಪ್ಟರ್ ಟೂರ್, 30 ನಿಮಿಷ’ ಎಂದಷ್ಟೇ ಇರುತ್ತದೆ. ಹಾರಿಸುವ ಸಂಸ್ಥೆಯ ಹೆಸರು, ಅದಕ್ಕೆ ಆ ದೇಶದ ನಾಗರಿಕ ವಿಮಾನಯಾನ ಇಲಾಖೆ ಕೊಟ್ಟ ವಾಯು ಸಂಚಾಲಕ ಪ್ರಮಾಣಪತ್ರ, ಹೆಲಿಕಾಪ್ಟರ್‌ನ ನೋಂದಣಿ ಅಕ್ಷರಗಳು, ಈ ಮೂರನ್ನು ಕೇಳಿ. ಭಾರತದ ನೋಂದಣಿ ‘ವಿಟಿ’ಯಿಂದ ಶುರುವಾಗುವಂತೆ ಮಾರಿಷಸ್‌ನದು ‘3ಬಿ’, ಮಾಲ್ಡೀವ್ಸ್‌ನದು ‘8ಕ್ಯೂ’, ಅಮೆರಿಕದ್ದು ‘ಎನ್’. ಅಮೆರಿಕದ್ದಾದರೆ ಆ ಸಂಖ್ಯೆ ಹಾಕಿ ಯಂತ್ರದ ನೋಂದಣಿಯನ್ನು ಮನೆಯಲ್ಲೇ ಕೂತು ನೋಡಬಹುದು, ತನಿಖಾ ಮಂಡಳಿಯ ಅಪಘಾತ ವರದಿಗಳೂ ಸಾರ್ವಜನಿಕವಾಗಿವೆ. ಹವಾಯಿಯಲ್ಲಿ ಅಮೆರಿಕದ ವಿಮಾನಯಾನ ನಿಯಮಗಳ ಬಗ್ಗೆ ಇನ್ನೊಂದು ಪ್ರಶ್ನೆ ಸೇರಿಸಿ: "ನಿಮ್ಮ ಹಾರಾಟ ಭಾಗ 135ರ ಅಡಿಯೋ, ಭಾಗ 91ರ ಅಡಿಯೋ?" ಹೊರಟಲ್ಲಿಗೇ ಮರಳುವ, 25 ಮೈಲಿಯೊಳಗಿನ ಸುತ್ತಾಟವನ್ನು ಭಾಗ 91ರ ಸಡಿಲ ನಿಯಮದಲ್ಲೂ ನಡೆಸಬಹುದು. 135ರದು ಬಿಗಿ. ನನಗೆ ಬಿಗಿಯದೇ ಇಷ್ಟ.

ಮೂರನೆಯದು ಪೈಲಟ್. ಒಟ್ಟು ಎಷ್ಟು ಗಂಟೆ ಹಾರಿಸಿದ್ದಾರೆ ಎಂಬುದಕ್ಕಿಂತ ಆ ದ್ವೀಪದ ಮೇಲೆ ಎಷ್ಟು ಕಾಲದಿಂದ ಹಾರಿಸುತ್ತಿದ್ದಾರೆ ಎಂದು ಕೇಳಿ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದವನಿಗಿಂತ ಚಾರ್ಮಾಡಿಯಲ್ಲಿ ಐದು ವರ್ಷ ಬಸ್ಸು ಓಡಿಸಿದವನಿಗೆ ಯಾವ ತಿರುವಿನಲ್ಲಿ ಮಂಜು ಇಳಿಯುತ್ತದೆಂದು ಗೊತ್ತಿರುತ್ತದೆ. ಕೊನೆಯದಾಗಿ, ಕಡಲ ಮೇಲೆ ಹಾರುವ ಹೆಲಿಕಾಪ್ಟರಿಗೆ ತುರ್ತು ತೇಲುಚೀಲಗಳಿವೆಯೆ, ಪ್ರಯಾಣಿಕರಿಗೆ ಲೈಫ್ ಜಾಕೆಟ್ ಕೊಡುತ್ತಾರೆಯೆ ಎಂದು ವಿಚಾರಿಸಿ. ಮಾರಿಷಸ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ಬೆಳಗಿನ ತಿಂಡಿ, ತೋಟದ ಕೆಲಸ ಹಚ್ಚುವುದು ಎಲ್ಲ ಮುಗಿಸಿ ಹತ್ತೂವರೆಗೆ ಫೋನ್ ಮಾಡಿದರೆ ಅಲ್ಲಿ ಒಂಬತ್ತಕ್ಕೆ ಕಚೇರಿ ತೆರೆದಿರುತ್ತದೆ.

ಆರು: ತೂಕ

ಹತ್ತುವ ಮೊದಲು ಎಲ್ಲರನ್ನೂ ತೂಗುತ್ತಾರೆ. ಬುಕ್ ಮಾಡುವಾಗ ಹೇಳಿದ ತೂಕವನ್ನು ನಂಬುವುದಿಲ್ಲ, ನಂಬಲೂಬಾರದು. ಎಷ್ಟು ಇಂಧನ ತುಂಬಬೇಕು, ಯಾರನ್ನು ಎಲ್ಲಿ ಕೂರಿಸಿದರೆ ಸಮತೋಲ ಕೂಡುತ್ತದೆ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಅಮೆರಿಕದಲ್ಲಿ ಸುಮಾರು 110 ಕಿಲೋ ದಾಟಿದವರಿಂದ ಇನ್ನೊಂದು ಸೀಟಿನ ಹಣವನ್ನೂ ಕೇಳುವ ಕಂಪನಿಗಳಿವೆ. ಬಟ್ಟೆ, ಶೂ, ಕ್ಯಾಮೆರಾ ಸೇರಿದ ನಿಜವಾದ ತೂಕ ಕೊಡಿ.

ಅತ್ತೆಗೆ ಇದೊಂದು ಪ್ರತಿಷ್ಠೆಯ ಪ್ರಶ್ನೆಯಾಯಿತು. ಐವತ್ತು ವರ್ಷ ಕಣದಲ್ಲಿ ನಿಂತು ಆಳುಗಳು ಕೊಯ್ದು ತಂದ ಹಣ್ಣನ್ನು ಸಂಜೆ ಸಂಜೆ ತೂಗಿಸಿದವರು, ತಾವೇ ತಕ್ಕಡಿ ಹತ್ತಿದವರಲ್ಲ. ಮೊದಲು ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೆ ಎಂದು ಬಗ್ಗಿ ನೋಡಿದರು. ಹತ್ತಿದರು. ಕೈಚೀಲವನ್ನೂ ಇಡಿ ಎಂದು ಕೌಂಟರಿನ ಹುಡುಗಿ ಸನ್ನೆ ಮಾಡಿದಳು. ಚೀಲದಿಂದ ಸ್ಟೀಲ್ ಡಬ್ಬಿಯೊಂದು ಹೊರಬಂತು, ಒಳಗೆ ಕೋಡುಬಳೆ. "ಅಲ್ಲಿ ಮೇಲೆ ಹಸಿವಾದರೆ?" ಎಂದರು ನನ್ನ ಕಡೆ ತಿರುಗಿ. ಡಬ್ಬಿ ಕೌಂಟರಿನಲ್ಲಿ ಉಳಿಯಿತು, ಅತ್ತೆಗೆ ಮುಂದಿನ ಸೀಟು ಸಿಕ್ಕಿತು. ಹಗುರ ಇರುವವರನ್ನು ಮುಂದೆ ಕೂರಿಸಿದ್ದರು. ಎಂಬತ್ತೆಂಟು ಕಿಲೋದ ನಮ್ಮವರು ಹಿಂದೆ ಸೇರಿದರು. ಮುಂದಿನ ಸೀಟಿಗೆ ಯಾರಿಗೂ ಮೊದಲೇ ಮಾತು ಕೊಡಬೇಡಿ ಎಂದು ನಾನು ಹೇಳುವುದು ಇದಕ್ಕೇ. ಆ ತೀರ್ಮಾನ ತಕ್ಕಡಿಯದು.

ಏಳು: ಹಣ, ವಿಮೆ

ಇದನ್ನು ಬೇಗ ಮುಗಿಸುತ್ತೇನೆ. ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕು ಶೇಕಡಾವಾರು ಶುಲ್ಕ ಹಾಕುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಇಲ್ಲಿಯೇ ಪ್ಯಾಕೇಜ್ ಆಗಿ ಕೊಂಡರೆ ಮಾರುವವರೇ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಹವೆಯಿಂದ ರದ್ದಾದರೆ ಪೂರ್ತಿ ಹಣವೋ ಬೇರೆ ದಿನವೋ, ಹಾರಿದ ಮೇಲೆ ಅರ್ಧದಲ್ಲೇ ಮರಳಿದರೆ ಏನು, ಈ ಎರಡಕ್ಕೂ ಬರಹದಲ್ಲಿ ಉತ್ತರ ಇರಲಿ. ಪ್ರವಾಸ ವಿಮೆಯ ಪತ್ರದಲ್ಲಿ ‘ಹೊರತುಪಡಿಸಿದವು’ ಎಂಬ ಭಾಗವನ್ನು ಓದಿ, ಹೆಲಿಕಾಪ್ಟರ್ ಸುತ್ತಾಟವನ್ನು ಸಾಹಸ ಕ್ರೀಡೆಯೆಂದು ಎಣಿಸಿ ಕೈಬಿಟ್ಟಿದ್ದಾರೆಯೆ ನೋಡಿ. ಏಜೆಂಟರ ಬಾಯಿಮಾತು ಸಾಲದು.

ಎಂಟು: ಆ ದಿನ

ಕಡಲಾಳಕ್ಕೆ ಡೈವಿಂಗ್ ಹೋಗುವವರಿದ್ದರೆ ಹಾರಾಟವನ್ನು ಅದಕ್ಕೆ ಮೊದಲು ಇಟ್ಟುಕೊಳ್ಳಿ. ಸಿಲಿಂಡರ್ ಹೊತ್ತು ಮುಳುಗಿದ ಮೇಲೆ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಒಂದು ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲವಾದರೆ 18 ಗಂಟೆ ಕಾಯಬೇಕೆಂದು ಡೈವಿಂಗ್ ವೈದ್ಯಕೀಯದವರು ಹೇಳುತ್ತಾರೆ. ನಾನಾದರೆ ಒಂದು ಪೂರ್ತಿ ದಿನ ಬಿಡುತ್ತೇನೆ.

ಕಡುಬಣ್ಣದ ಬಟ್ಟೆ ಹಾಕಿಕೊಳ್ಳಿ. ಬಿಳಿಯಂಗಿ ಗಾಜಿನಲ್ಲಿ ಪ್ರತಿಫಲಿಸಿ ಎಲ್ಲ ಫೋಟೊಗಳಲ್ಲೂ ನೀವೇ ದೆವ್ವದಂತೆ ತೇಲುತ್ತೀರಿ. ಫೋನಿಗೆ ಕುತ್ತಿಗೆ ದಾರ ಇರಲಿ, ಫ್ಲಾಶ್ ಆರಿಸಿ. ಗಾಜಿನ ಹತ್ತಿರ ಹಿಡಿಯಿರಿ, ಆದರೆ ಗಾಜಿಗೆ ತಾಗಿಸಬೇಡಿ, ಅದರ ನಡುಕ ಚಿತ್ರಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ವಾಂತಿ ಮಾಡುವ ಅಭ್ಯಾಸವಿರುವವರು ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ನುಂಗಬೇಕು, ಹಾರಿದ ಮೇಲೆ ಫಲವಿಲ್ಲ. ಹೊಟ್ಟೆ ಖಾಲಿಯೂ ಬೇಡ, ತುಂಬಿಯೂ ಬೇಡ. ಎರಡು ಇಡ್ಲಿಯಷ್ಟು ಸಾಕು. ಸೊಂಟಕ್ಕೆ ಕಟ್ಟುವ ಪುಟ್ಟ ಚೀಲದಲ್ಲಿ ಲೈಫ್ ಜಾಕೆಟ್ ಇರುತ್ತದೆ; ಅಪಾಯ ಬಂದರೂ ಒಳಗೇ ಅದನ್ನು ಉಬ್ಬಿಸಬಾರದು, ಹೊರಗೆ ಬಂದ ಮೇಲೆ ಮಾತ್ರ. ಒಳಗೆ ಉಬ್ಬಿಸಿದರೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತೀರಿ.

ನಮ್ಮ ಪೈಲಟ್ ಲ ಮೋರ್ನ್ ಮೇಲೆ ಹೇಳಿದಂತೆಯೇ ಎರಡು ಸುತ್ತು ಹಾಕಿದರು. ಮೊದಲ ಸುತ್ತಿನಲ್ಲಿ ನಾನು ಬರೀ ಫೋಟೊ ತೆಗೆದೆ, ಎರಡನೆಯದರಲ್ಲಿ ಫೋನ್ ಕೆಳಗಿಟ್ಟೆ. ಮರಳಿನ ಬಿಳಿ ಎಳೆಗಳು ಕಡುನೀಲಿಯೊಳಗೆ ಇಳಿಯುತ್ತಿದ್ದವು. ಹೆಡ್‌ಫೋನಿನಲ್ಲಿ ಅತ್ತೆಯ ದನಿ ಕೇಳಿತು: "ಹೆಬ್ಬೆ ಅಬ್ಬಿಯನ್ನು ಯಾರೋ ನೀರೊಳಗೆ ಮುಳುಗಿಸಿಟ್ಟ ಹಾಗಿದೆ." ಚಾಮರೆಲ್ ಮೇಲೆ ಬಂದಾಗ ಕೆಳಗಿನ ಹಳ್ಳಿಯಲ್ಲಿ ಕಾಫಿಯೂ ಬೆಳೆಯುತ್ತದೆ ಎಂದು ನಾನು ಹೇಳಿದೆ. ನಮ್ಮವರು ತಮ್ಮ ಬದಿಯ ಕಿಟಕಿಗೆ ಅಂಟಿಕೊಂಡರು. ನಮ್ಮ ಬೆಳೆಗಾರರ ಬಾಯಲ್ಲಿರುವ ಬೂರ್ಬನ್ ಎಂಬ ತಳಿಯ ಹೆಸರು ಬಂದದ್ದು ಪಕ್ಕದ ರಿಯೂನಿಯನ್ ದ್ವೀಪದ ಹಳೆಯ ಹೆಸರಿನಿಂದಲೇ. ಅವರಿಗೆ ಕಡಲಿಗಿಂತ ಕೆಳಗಿನ ನೆರಳುಮರಗಳ ಬಗ್ಗೆಯೇ ಹೆಚ್ಚು ಪ್ರಶ್ನೆಗಳಿದ್ದವು.

ಹತ್ತುವಾಗ, ಇಳಿಯುವಾಗ ಎಂದೂ ಬಾಲದ ಕಡೆ ಹೋಗಬೇಡಿ. ಬಾಲದ ರೆಕ್ಕೆಗಳು ತಿರುಗುವಾಗ ಕಣ್ಣಿಗೆ ಕಾಣುವುದೇ ಇಲ್ಲ. ಪೈಲಟ್‌ಗೆ ಕಾಣುವಂತೆ ಮುಂದಿನಿಂದ ಬನ್ನಿ, ಸಿಬ್ಬಂದಿ ಕೈ ತೋರಿಸಿದ ಮೇಲೆಯೇ ಹೆಜ್ಜೆ ಇಡಿ. ಟೋಪಿ, ದುಪಟ್ಟಾ, ಬಿಡಿ ಕಾಗದ ಯಾವುದೂ ಹಾರುವಂತೆ ಇರಬಾರದು. ಸೀರೆ ಬೇಡವೆಂದು ನಾನು ಮೊದಲೇ ಹೇಳಿದ್ದೆ, ಅತ್ತೆ ಕೇಳಿರಲಿಲ್ಲ. ಸೆರಗು ಹೇಗೆಂದು ಆ ಹುಡುಗಿ ಕೈ ಕೈ ಹಿಸುಕಿಕೊಳ್ಳುತ್ತಿದ್ದಳು. ಅತ್ತೆ ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು, ನೆರಿಗೆಯನ್ನು ಎತ್ತಿ ನಾಟಿಗೆ ಇಳಿಯುವವರಂತೆ ಸಿಕ್ಕಿಸಿಕೊಂಡು, "ಈಗ ಸರಿಯೇನಮ್ಮ?" ಎಂದು ಅವಳನ್ನೇ ಕೇಳಿದರು. ಅವಳಿಗೆ ಮಾತು ತಿಳಿಯಲಿಲ್ಲ. ಹೆಬ್ಬೆರಳು ಎತ್ತಿ ಬಾಗಿಲು ತೆರೆದಳು.